ನಾಲ್ಕನೇ ಯಂತ್ರದ ವಾಟಣಿ

ಮಾನ್ಯ ವಾಚಕ ಮಹಾಶಯನೇ, ಮುಂದೆ ನಿನ್ನೆದುರು ಬಂದು ನಿಲ್ಲಲಿರುವ ಮನುಷ್ಯನಿಗೆ ನಿನ್ನ ಕನಿಕರದ ಅವಶ್ಯಕತೆಯಿಲ್ಲ. ಇದ್ದರೂ ಅದನ್ನು ಬಾಯಿಬಿಟ್ಟು ಕೇಳುವ ಜಾಯಮಾನ ಅವನದಲ್ಲ. ಎರಡು ಸಾವಿರದ ಐದನೆಯ ಇಸವಿಯ ಒಂದು ಶನಿವಾರ, ಮಧ್ಯಾಹ್ನ ಎರಡೂವರೆಯಿಂದ ಸಂಜೆ ಐದೂವರೆಯವರೆಗೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸೈಬರ್ ಕೆಫೆಯಲ್ಲಿ ಅವನು ಮೂವತ್ತು ಮೂವತ್ತು ಎಲೆಗಳ ಎರಡು ಕಟ್ಟುಗಳನ್ನು ಸಿದ್ಧಪಡಿಸಿದ. ಸಂಗತಿ ಇಷ್ಟೇ. ಇಷ್ಟಕ್ಕೇ ಒಂದು ಕಥೆಯೇ ಎಂದು ಹುಬ್ಬೇರಿಸುವ ಅಧಿಕಾರ ನಿನಗುಂಟು. ಆದರೆ ಆ ಹುಬ್ಬನ್ನು ಕಡೆಯ ಸಾಲಿನವರೆಗೆ ಹಾಗೆಯೇ ಹಿಡಿದಿಡುವ ಶ್ರಮವನ್ನೂ ನೀನೇ ವಹಿಸತಕ್ಕದ್ದು.

ನಾಲ್ಕನೇ ಯಂತ್ರದ ಮುಂದಿನ ಕುರ್ಚಿಯ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಹೊರಬಿದ್ದಿತ್ತು. ಆ ಹರಕು ಗುರುಪಾದನ ಎಡದೊಡೆಗೆ ಎರಡು ವರ್ಷಗಳಿಂದ ಪರಿಚಿತವಾದದ್ದು. ಆದರೂ ಈ ದಿನ ಅದು ಬೇಕೆಂದೇ ಚುಚ್ಚುತ್ತಿದೆಯೆಂದು ಅವನಿಗೆ ಅನ್ನಿಸಿತು. ಪಕ್ಕದ ಅಂಗಡಿಯ ಮಿರ್ಚಿಭಜಿಯ ಕಮಟೆಣ್ಣೆಯ ವಾಸನೆ, ಹಿಂಬದಿಯ ಕಾರ್ಖಾನೆಯ ಲೇತ್ ಯಂತ್ರಗಳ ಕಿರಿಚಾಟ, ಮೂರನೇ ಯಂತ್ರದಲ್ಲಿ ಕುಳಿತ ಪರಮೇಶ ಮೂಗಿನಿಂದ ಉಸಿರಾಡುವ ಸದ್ದು ಎಲ್ಲವೂ ಅವನ ವಿರುದ್ಧ ಒಂದು ಒಪ್ಪಂದಕ್ಕೆ ಬಂದಂತಿದ್ದವು. ಪಂಪಿನ ಬಿಡಿಭಾಗಗಳ ಅಂಗಡಿಯಲ್ಲಿ ಅರ್ಧ ದಿನದ ರಜೆ ಕೇಳಿದಾಗ ಮಾಲೀಕ, "ಯಾಕ್ರಿ, ಮನ್ಯಾಗ ಏನರ ಕಾರ್ಯ ಐತೇನು?" ಎಂದಿದ್ದ. "ವಾಟಣಿ ಐತ್ರಿ," ಎಂದುಬಿಟ್ಟಿದ್ದ ಗುರುಪಾದ. ವಾಟಣಿ ಎಂದರೆ ಮನೆತನದ ಹಂಚಿಕೆ. ಆ ಮಾತು ಕೇಳಿದ ಕೂಡಲೇ ಮಾಲೀಕನ ಮುಖದಲ್ಲಿ ಒಂದು ಬಗೆಯ ಗೌರವ ಮೂಡಿತ್ತು, ಹೆಣದ ಮನೆಗೆ ಹೊರಟವನಿಗೆ ದಾರಿ ಬಿಡುವಂಥದ್ದು. ಹಂಚಬೇಕಾದದ್ದು ಹೊಲವಲ್ಲ, ಪರದೆಯ ಮೇಲಿನ ಬಣ್ಣದ ಎಲೆಗಳೆಂದು ಗೊತ್ತಾಗಿದ್ದರೆ ಅದೇ ಮುಖ ಹೇಗೆ ನಗುತ್ತಿತ್ತೆಂಬುದನ್ನು ಅವನು ಇಡೀ ದಾರಿ ಕಲ್ಪಿಸಿಕೊಳ್ಳುತ್ತ ಬಂದಿದ್ದ, ಕಲ್ಪಿಸಿಕೊಂಡು ಆ ನಗೆಗೆ ಉತ್ತರವನ್ನೂ ಕೊಟ್ಟಿದ್ದ.

ಆಟ ಪರದೇಶದ್ದು. ಇಸ್ಪೀಟಿನಂಥ ಎಲೆಗಳು, ಅವುಗಳ ಮೇಲೆ ರಾಜರು, ಕಾವಲುಗಾರರು, ಗೋಡೆಗಳು, ಮೃಗಗಳು. ಗೆದ್ದಾಗಲೊಮ್ಮೆ ಒಂದು ಹೊಸ ಎಲೆ ಖಾತೆಗೆ ಸೇರುತ್ತದೆ. ಸೇರಿದ ರಾಶಿಯಿಂದ ಮೂವತ್ತನ್ನು ಆರಿಸಿ ಕಟ್ಟು ಮಾಡಿಕೊಂಡು ಎದುರಾಳಿಯ ಕೋಟೆಯನ್ನು ಕೆಡವಬೇಕು. ರಾಜನನ್ನು ಇಳಿಸುವ ಮೊದಲು ಅವನಿಗೆ ನೆಲ ಹಾಸಬೇಕು. ಬೆಂಕಿಯ ರಾಜನಿಗೆ ಬೆಂಕಿಯ ನೆಲ, ನೀರಿನವನಿಗೆ ನೀರಿನ ನೆಲ. ತನ್ನ ನೆಲ ಸಿಗದ ರಾಜ ಎಷ್ಟೇ ಬಂಗಾರದ ಅಂಚಿನವನಾದರೂ ಕೈಯಲ್ಲೇ ಕೊಳೆಯುತ್ತಾನೆ. ಗುರುಪಾದ ಒಬ್ಬನೇ ಆಡುತ್ತಿದ್ದಾಗ ಹತ್ತಕ್ಕೆ ಎಂಟು ಸಲ ಸೋಲುತ್ತಿದ್ದ. ಒಂದು ದಿನ ಸಮೀಪದ ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುವ ಹುಡುಗಿಯೊಬ್ಬಳು ಪ್ರಿಂಟ್ ತೆಗೆಸಲು ಬಂದವಳು ಬೆನ್ನ ಹಿಂದೆ ನಿಂತು, "ಅಣ್ಣಾ, ನೆಲಾ ಕಮ್ಮಿ ಇಟ್ಟೀ ನೋಡು," ಎಂದಿದ್ದಳು. ತಿರುಗಿ ನೋಡಿದರೆ ಸೌಮ್ಯಾ, ಸಿದ್ದಲಿಂಗಪ್ಪ ಕಾಕಾನ ಮಗಳು. ಎಂಟು ವರ್ಷಗಳಿಂದ ಅವರ ಮನೆಯ ನೀರನ್ನು ಇವರು ಮುಟ್ಟಿರಲಿಲ್ಲ, ಇವರ ಮನೆಯ ಹೊಸ್ತಿಲನ್ನು ಅವರು ತುಳಿದಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕುಳಿತಳು. ಅಂದಿನಿಂದ ಅದು ಇಬ್ಬರ ಖಾತೆಯಾಯಿತು. ಕೆಫೆಯ ಮಾಲೀಕ ಖಾಜಾಸಾಬ ಅದಕ್ಕೆ 'ಅಣ್ಣ-ತಂಗಿ ಖಾತೆ' ಎಂದು ಹೆಸರಿಟ್ಟ. ರಕ್ತಸಂಬಂಧದವರ ಪೈಕಿ ಗುರುಪಾದನನ್ನು ಹೆಸರು ಹಿಡಿಯದೆ ಅಣ್ಣಾ ಎಂದು ಕರೆಯುವ ನಾಲಗೆ ಈಗ ಅದೊಂದೇ ಉಳಿದಿತ್ತು.

ಕಳೆದ ರವಿವಾರ ಆ ನಾಲಗೆಯನ್ನೂ ಅವನು ಸುಟ್ಟಿದ್ದ. ಐದಾರು ಜನ ಸುತ್ತ ನೆರೆದು ನೋಡುತ್ತಿದ್ದ ಆಟದಲ್ಲಿ ಅವನು ರಾಜನನ್ನು ಇಳಿಸಲು ಹೋದಾಗ ಸೌಮ್ಯಾ ಅವನ ಕೈಯ ಮೇಲೆ ಕೈಯಿಟ್ಟು ಮೌಸನ್ನು ಪಕ್ಕಕ್ಕೆ ಸರಿಸಿ ಗೋಡೆಯ ಎಲೆಯನ್ನು ಇಳಿಸಿದ್ದಳು. ಅವಳು ಮಾಡಿದ್ದೇ ಸರಿಯಾಗಿತ್ತು. ಆಟ ಗೆದ್ದಿತು. "ತಂಗಿ ಇರ್ಲಿಕ್ಕಂದ್ರ ಅಣ್ಣಾರ ಗತಿ ಏನ್ರಪಾ," ಎಂದು ಪರಮೇಶ ನಕ್ಕಿದ್ದ. ಆ ನಗೆ ಮುಗಿಯುವ ಮುಂಚೆಯೇ ಗುರುಪಾದನ ಬಾಯಿಂದ ಮಾತು ಹೊರಬಿದ್ದಿತ್ತು: "ಇಕಿ ಮಾತ ಕೇಳಿದ್ರ ಆತು. ಆರಿಸೂದು ಇವರ ಮನಿತನಕ್ಕ ಬರೂದಿಲ್ಲ." ಅದರ ಅರ್ಥ ನೆರೆದವರಿಗೆ ತಿಳಿಯಲಿಲ್ಲ. ತಿಳಿದವಳು ಎದ್ದು ಓಡಣಿ ಸರಿಪಡಿಸಿಕೊಂಡು, ದನಿಯೇರಿಸದೆ, "ಹಂಗಾರ ವಾಟಣಿ ಮಾಡು, ಅಣ್ಣಾ. ನೀ ಒಂದ ಕಟ್ಟು ತಗೋ, ನಾ ಒಂದ ತಗೋತೇನಿ. ಪುಣೆಕ್ಕ ಯಾರ ಹೋಗತಾರ ನೋಡೂಣು," ಎಂದಿದ್ದಳು. ಪುಣೆಯಲ್ಲಿ ನಡೆಯುವ ಸ್ಪರ್ಧೆಗೆ ಈ ಕೆಫೆಯಿಂದ ಒಬ್ಬರು ಹೋಗಬಹುದಾಗಿತ್ತು. ಖಾಜಾಸಾಬ ಗಲ್ಲ ತುರಿಸಿಕೊಂಡು ತೀರ್ಪು ಕೊಟ್ಟ: "ಶನಿವಾರ ಸಂಜಿ ಆರರೊಳಗ ಕಟ್ಟು ಬರಸ್ರಿ. ನಿಮ್ಮ ಮಂದ್ಯಾಗ ಪದ್ಧತಿ ಐತಲ್ರಿ, ಹಿರ್ಯಾ ಎರಡ ಪಾಲ ಮಾಡಬೇಕು, ಸಣ್ಣವರು ಮೊದಲ ಆರಿಸಬೇಕು. ಹಂಗ ಮಾಡ್ರಿ, ಜಗಳನ ಇಲ್ಲ." ಬಾಗಿಲ ಬಳಿಯ ಕರಿಹಲಗೆಯ ಮೇಲೆ ಅವನು ಸೀಮೆಸುಣ್ಣದಿಂದ ಎರಡು ಹೆಸರುಗಳನ್ನು ಎದುರುಬದುರು ಬರೆದ. ಗುರುಪಾದ. ಸೌಮ್ಯಾ. ಆರು ದಿನಗಳಿಂದ ಅವು ಹಾಗೆಯೇ ಇದ್ದವು.

ಆ ಪದ್ಧತಿಯನ್ನು ಯಾರೋ ನ್ಯಾಯವಂತರು ಮಾಡಿರಬೇಕು. ಪಾಲು ಮಾಡುವವನಿಗೆ ಯಾವ ಪಾಲು ತನಗೆ ಉಳಿಯುವುದೆಂದು ಗೊತ್ತಿರಬಾರದು. ಆಗ ಅವನ ಕೈ ತಾನಾಗಿಯೇ ನೆಟ್ಟಗಿರುತ್ತದೆ. ಆದರೆ ಆ ಪದ್ಧತಿಗೆ ಇನ್ನೊಂದು ಕಾಲೂ ಇತ್ತು: ಹಿರಿಯನು ಹಾಕಿದ ಪಾಲನ್ನು ಕಿರಿಯನು ಕಣ್ಣಿನಿಂದ ನೋಡಿ ಆರಿಸಬೇಕೇ ಹೊರತು, ಕೆದಕಿ, ತಟ್ಟಿ, ಬೆರಳಿಟ್ಟು ಪರೀಕ್ಷಿಸಬಾರದು, ಪರೀಕ್ಷಿಸಿದರೆ ಹಿರಿಯನನ್ನು ಕಳ್ಳನೆಂದಂತೆ. ನ್ಯಾಯವನ್ನು ಕಟ್ಟಿದವರೇ ಮರ್ಯಾದೆಯ ಹೆಸರಿನಲ್ಲಿ ಅದಕ್ಕೊಂದು ಕಿಂಡಿ ಬಿಟ್ಟಿದ್ದರು. ಗುರುಪಾದ ಒಂದೊಂದೇ ಎಲೆಯನ್ನು ಎಡಕ್ಕೂ ಬಲಕ್ಕೂ ಎಳೆಯತೊಡಗಿದ. ಬಂಗಾರದ ಅಂಚಿನ ನಾಲ್ವರು ಬೆಂಕಿಯ ರಾಜರಲ್ಲಿ ಇಬ್ಬರು ಅತ್ತ, ಇಬ್ಬರು ಇತ್ತ. ಇದು ನೆಟ್ಟಗಿನ ಕೈ. ಮೂರು ಗಂಟೆಯವರೆಗೆ ಆ ಕೈ ನೆಟ್ಟಗೇ ಇತ್ತು. ಅನಂತರ ಪರಮೇಶ ಇತ್ತ ಬಗ್ಗಿ ನೋಡಿ, "ಏನ್ ಹಂಚಿದ್ರ ಏನ್ ಬಂತ್ರಿ ಅಣ್ಣಾರ, ಸಗಣಿ ಕೊಟ್ರೂ ಆಕಿ ಗೆಲ್ಲಾಕಿನ," ಎಂದು ಹೇಳಿ ಚಹಾ ಕುಡಿಯಲು ಎದ್ದುಹೋದ.

ಹೋದವನ ಬೆನ್ನನ್ನು ನೋಡುತ್ತ ಗುರುಪಾದ ಬಲಗಡೆಯ ರಾಜರಿಬ್ಬರನ್ನೂ ಎಡಕ್ಕೆ ಎಳೆದ. ಬೆಂಕಿಯ ಮೃಗವನ್ನೂ ಎಳೆದ. ಎಡಗಡೆಯ ಕಟ್ಟು ಜಾತ್ರೆಯ ಬಳೆಯಂಗಡಿಯಂತೆ ಹೊಳೆಯತೊಡಗಿತು. ಬಲಗಡೆ ಬೂದುಬಣ್ಣದ ಕಾವಲುಗಾರರು, ಗೋಡೆಗಳು, ಬಾವಿ ತೋಡುವ ಮುದುಕ ಉಳಿದರು. ಎರಡರಲ್ಲೂ ನೆಲ ಹನ್ನೆರಡೇ. ಎಣಿಸಿದರೆ ವ್ಯತ್ಯಾಸ ಕಾಣದು. ಎಡಗಡೆಯ ಬೆಂಕಿಯ ನೆಲಗಳಲ್ಲಿ ಏಳನ್ನು ತೆಗೆದು ಅವುಗಳ ಜಾಗದಲ್ಲಿ ನೀರಿನ ನೆಲಗಳನ್ನು ಅವನು ಕೂರಿಸಿದ. ಹೊರಗಿನಿಂದ ಎಲ್ಲವೂ ಭದ್ರ. ನಾಲ್ವರು ರಾಜರೂ ಒಳಗೇ ಹಸಿದು ಸಾಯುವರು. ಕಡೆಯ ನೆಲವನ್ನು ಕೂರಿಸಿ ಬೆರಳೆತ್ತಿದಾಗ ಆ ಬೆರಳಿನ ತುದಿಯಲ್ಲಿ ತಣ್ಣಗೆ, ಅಂಟಂಟಾಗಿ, ಏನೋ ಇತ್ತು. ಸುಣ್ಣದಲ್ಲಿ ಕಲಸಿದ ಅರಳೆ, ಹದಿನಾಲ್ಕು ವರ್ಷಗಳ ಹಿಂದಿನದು. ಏಣಿಯ ಮೇಲಿನಿಂದ ಅವನು ಕೆಳಗೆ ನೋಡಿದ. ಅಪ್ಪ ಬುಟ್ಟಿ ಹಿಡಿದು ನಿಂತಿದ್ದರು, ಬಾಯಲ್ಲಿ ವಿಭೂತಿಯ ಬಿಳುಪಿನಷ್ಟೇ ಸಹಜವಾದ ನಗೆ. "ಇನ್ನಷ್ಟ ತುಂಬು. ಹೆಬ್ಬಟ್ಟಿಲೆ ಒತ್ತು. ಒಳಗ ಹೋಗಲಿ," ಎನ್ನುತ್ತಿದ್ದರು. ಹಳೆಯ ಪೇಟೆಯಲ್ಲಿದ್ದ ಮನೆತನದ ಕಾಳು-ಅರಳೆಯಂಗಡಿಯ ನಡುದೊಲೆಯನ್ನು ಗೆದ್ದಲು ತಿಂದು ಜರಡಿ ಮಾಡಿತ್ತು. ಅಂಗಡಿಯ ಮೂಲೆಯಲ್ಲಿ ಅರಳೆಗೆ ಬರವಿರಲಿಲ್ಲ. ತೂತಿಗೊಂದು ಹಿಡಿ, ಅದರ ಮೇಲೆ ಸುಣ್ಣ, ಅದರ ಮೇಲೆ ಎರಡು ಸಲ ಹಸಿರು ಎಣ್ಣೆಬಣ್ಣ. ಅವನಿಗಾಗ ಇಪ್ಪತ್ತು ವರ್ಷ. ಕೇಳುವ ವಯಸ್ಸೂ ಆಗಿತ್ತು, ಕೇಳದಿರುವ ಜಾಣತನವೂ ಬಂದಿತ್ತು.

ಅಪ್ಪ ಹಿರಿಯರಾಗಿ ಹಾಕಿದ, ಕಾಕಾ ಆರಿಸಬೇಕಾಗಿದ್ದ ಎರಡು ಪಾಲು ಹೀಗಿದ್ದವು: ಒಂದು, ಹೊಸ ಬಣ್ಣ ಹೊಡೆದ ಅಂಗಡಿ ಮತ್ತು ಅದರ ಮೇಲಂತಸ್ತು, ಇನ್ನೊಂದು, ಬೈರಿದೇವರಕೊಪ್ಪದಲ್ಲಿ ಬಾವಿ ಕುಸಿದ, ಜಾಲಿ ಬೆಳೆದ ತುಂಡು ನೆಲ. ಆ ನೆಲದ ಸುತ್ತ ಬಡಾವಣೆ ಬರಲಿದೆಯೆಂದು ಸರ್ವೆಯವನೊಬ್ಬ ಅಪ್ಪನ ಕಿವಿಯಲ್ಲಿ ಊದಿದ್ದ. ಹಂಚಿಕೆಯ ದಿನ ಗುರುಪಾದ ಮೊದಲು ಕಾಕಾನ ಕಾಲುಮುಟ್ಟಿ ನಮಸ್ಕರಿಸಿದ. ಆಮೇಲೆ ಕಾಕಾ ಅಂಗಡಿಯನ್ನು ಆರಿಸಿದರು. ಹಿರಿಯರೆಲ್ಲ ತಲೆಯಾಡಿಸಿದರು, ಅವ್ವ ಶರಣವ್ವ ಸಕ್ಕರೆ ಹಂಚಿದಳು. ನಾಲ್ಕನೆಯ ಮಳೆಗಾಲದಲ್ಲಿ ತೊಲೆ ಮುರಿಯಿತು. ಕಾಕಾನ ಟೊಂಕದ ಎಲುಬು ಮುರಿದು ಒಂದು ಕಾಲು ಗಿಡ್ಡವಾಯಿತು. ಅವರು ಗಬ್ಬೂರಿನ ಬಾಡಿಗೆಯ ಕೋಣೆಗೆ ಹೋದರು. ಆಸ್ಪತ್ರೆಗೆ ನೋಡಲು ಹೋದ ಅಪ್ಪ ಹಾಸಿಗೆಯ ಪಕ್ಕದಲ್ಲಿ ನಿಂತು, "ನೀನ ಆರಿಸಿದ್ದಿಲ್ಲೋ ತಮ್ಮಾ," ಎಂದರಂತೆ. ಎರಡು ಮನೆಗಳ ನಡುವಿನ ನೀರು ನಿಂತದ್ದು ಅಂದಿನಿಂದ. ಅಪ್ಪ ಸತ್ತ ಮೇಲೆ ಆ ಅರಳೆಯ ಸುದ್ದಿ ಬಲ್ಲವನು ಜಗತ್ತಿನಲ್ಲಿ ತಾನೊಬ್ಬನೇ ಎಂದು ಗುರುಪಾದ ತಿಳಿದಿದ್ದ. ಬೈರಿದೇವರಕೊಪ್ಪದ ಮನೆಯಲ್ಲಿ ಅವನು ಮಲಗುವ ಕೋಣೆಗೆ ತೊಲೆಯೇ ಇರಲಿಲ್ಲ, ಸಿಮೆಂಟಿನ ಛತ್ತು. ಆದರೂ ಬೀಳಬಹುದಾದದ್ದು ಏನಾದರೂ ಇದೆಯೇ ಎಂಬಂತೆ ಅವನು ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಮೊದಲು ಮೇಲೆ ನೋಡುತ್ತಿದ್ದ.

ನಾಲ್ಕೂವರೆಗೆ ಅವನು ಏಳು ಬೆಂಕಿಯ ನೆಲಗಳನ್ನು ಮರಳಿ ಎಡಕ್ಕೆ ತಂದ. ನಾಲ್ಕೂಮುಕ್ಕಾಲಿಗೆ ಮತ್ತೆ ತೆಗೆದ. ಇದು ಮೋಸವಲ್ಲ, ಪರೀಕ್ಷೆ ಎಂದು ತನಗೆ ತಾನೇ ಹೇಳಿಕೊಂಡ. ಅವಳು ಅಷ್ಟು ಜಾಣೆಯಲ್ಲವೇ, ಹಿಡಿಯಲಿ. ಹೊಳೆಯುವುದನ್ನು ಕಂಡು ಸಂಶಯಪಟ್ಟು ಬೂದು ಕಟ್ಟನ್ನೇ ತೆಗೆದುಕೊಳ್ಳಲಿ, ಆಗ ಗೆಲ್ಲುವವಳೂ ಅವಳೇ. ಹಾಗಾದರೆ ಕೊಳೆತದ್ದನ್ನು ಬೂದು ಕಟ್ಟಿನಲ್ಲಿಡಬೇಕಲ್ಲವೇ? ಬೂದು ಕಟ್ಟಿನ ನೆಲಗಳಿಗೂ ಕೈ ಹಾಕಿದ, ಅರ್ಧಕ್ಕೆ ಬಿಟ್ಟ, ಹಿಂದಕ್ಕೆ ತಂದ. ಅವಳ ಮೇಲೆ ಅವನಿಗೆ ಅಸಹ್ಯ ಹುಟ್ಟಿತು: ಕೈಯ ಮೇಲೆ ಕೈಯಿಟ್ಟದ್ದಕ್ಕಲ್ಲ, ಎರಡು ವರ್ಷ ಪಕ್ಕದ ಸ್ಟೂಲಿನಲ್ಲಿ ಕುಳಿತು, ಒಮ್ಮೆಯಾದರೂ ಆ ತೊಲೆಯ ಮಾತೆತ್ತದೆ, ಡಬ್ಬಿಯಿಂದ ಕರದಂಟು ಮುರಿದು ಅರ್ಧ ತನಗೂ ಕೊಟ್ಟದ್ದಕ್ಕೆ. ಒಮ್ಮೆ ಬೈದಿದ್ದರೆ ಅವನು ತಿರುಗಿ ಬೈಯಬಹುದಾಗಿತ್ತು. ಕೊಟ್ಟ ಕರದಂಟನ್ನು ತಿನ್ನುವ ಬಾಯಿಗೆ ಯಾವ ಮಾತು ಉಳಿಯುತ್ತದೆ? ಐದು ಗಂಟೆ ಹತ್ತು ನಿಮಿಷಕ್ಕೆ ಎಡಗಡೆಯ ಕಟ್ಟು ಮತ್ತೆ ಹೊರಗೆ ಬಂಗಾರವಾಗಿಯೂ ಒಳಗೆ ಜರಡಿಯಾಗಿಯೂ ಇತ್ತು.

ಸೌಮ್ಯಾ ಐದೂವರೆಗೆ ಬಂದಳು. ತರಗತಿ ಮುಗಿಸಿ ಬಂದವಳ ಹೆಗಲ ಚೀಲದಲ್ಲಿ ಉತ್ತರಪತ್ರಿಕೆಗಳಿದ್ದವು. ಸ್ಟೂಲನ್ನು ಎಳೆದುಕೊಳ್ಳಲಿಲ್ಲ; ನಿಂತೇ ಇದ್ದಳು. ಚಹಾ ಮುಗಿಸಿ ಬಂದಿದ್ದ ಪರಮೇಶ ಕುರ್ಚಿ ತಿರುಗಿಸಿಕೊಂಡು ಕುಳಿತ. ಖಾಜಾಸಾಬ ಕೈಯೊರೆಸಿಕೊಳ್ಳುತ್ತ ಬಂದು ಪಂಚರಂತೆ ನಡುವೆ ನಿಂತ.

"ಪಾಲ ಆದೂವೇನ್ರಿ ಗುರುಪಾದಣ್ಣಾರ?"

"ಆಗ್ಯಾವ."

"ನೋಡ್ರಿ ಮೇಡಮ್ಮಾರ. ಒಂದೊಂದ ತಗದ ಎಣಸೂದಿದ್ರ ಎಣಸ್ರಿ. ಇನ್ನೂ ಅರ್ಧಾ ತಾಸ ಐತಿ."

"ಎಣಸೂದಿಲ್ಲ," ಎಂದಳು ಸೌಮ್ಯಾ. "ಹಿರ್ಯಾ ಹಾಕಿದ ಪಾಲಿಗೆ ಬೆರಳ ಹಚ್ಚಬಾರದು. ಆದ್ರ ಒಂದ ಮಾತ ಕೇಳತೇನಿ. ನಮ್ಮಪ್ಪ ಕೇಳಲಿಲ್ಲ, ನಾ ಕೇಳತೇನಿ. ಯಾವುದಕ್ಕ ಬಣ್ಣಾ ಹಚ್ಚೀ, ಅಣ್ಣಾ?"

"ಅದೇನ್ರಿ, ಮನಿ ಕಟ್ಟ್ಯಾರೇನ್ ಬಣ್ಣಾ ಹಚ್ಚಾಕ," ಎಂದು ಪರಮೇಶ ನಕ್ಕ. ಮತ್ತಾರೂ ನಗಲಿಲ್ಲ. ಗುರುಪಾದನ ಕಿವಿಯಲ್ಲಿ ಹಿಂದಿನ ಲೇತಿನ ಸದ್ದು ಇದ್ದಕ್ಕಿದ್ದಂತೆ ಬಹಳ ಹತ್ತಿರಕ್ಕೆ ಬಂದಿತು. ಅದು ಬರಿಯ ಮಾತಿರಬಹುದು, ಎಲ್ಲರೂ ಆಡುವ ಮಾತು. ಇವಳಿಗೆ ಗೊತ್ತಿರುವ ಸಂಭವವಿಲ್ಲ. ಆಗ ಹನ್ನೊಂದು ವರ್ಷದ ಹುಡುಗಿ, ಎರಡು ಜಡೆಯವಳು. ಈಗಲೂ ಎಡಗಡೆಯದೆಂದು ಬೆರಳು ಮಾಡಬಹುದು. ಬೆರಳು ಮಾಡಿದರೆ ಹದಿನಾಲ್ಕು ವರ್ಷ ಒಮ್ಮೆಗೇ ಕೆಳಗೆ ಬೀಳುತ್ತವೆ, ಇವನ ಮೇಲೆ, ಪರಮೇಶನ ಕಣ್ಣೆದುರಿನಲ್ಲಿ. ಅವನ ನಾಲಗೆ ಆ ಭಾರವನ್ನು ಲೆಕ್ಕಹಾಕುವ ಮೊದಲೇ ತನ್ನ ಕೆಲಸ ಮುಗಿಸಿತ್ತು.

"ಯಾವುದಕ್ಕೂ ಇಲ್ಲ."

"ಖರೇ?"

"ಖರೇ."

ಅವಳು ಅವನ ಮುಖವನ್ನಲ್ಲ, ಮೌಸಿನ ಮೇಲಿದ್ದ ಕೈಯನ್ನು ನೋಡುತ್ತಿದ್ದಳು. "ಹಂಗಾರ ಬಂಗಾರದ್ದ ನನಗಿರಲಿ," ಎಂದಳು.

ಖಾಜಾಸಾಬ ಎರಡು ಖಾತೆಗಳನ್ನು ತೆರೆದು ಕಟ್ಟುಗಳನ್ನು ಬರೆಸಿದ. ಬರೆಸಿದ ಮೇಲೆ ಇನ್ನು ಬದಲಿಸಲು ಬರುವಂತಿರಲಿಲ್ಲ. ಅವನು ಹಣದ ಗಲ್ಲೆಯ ಕಡೆಗೆ ಹೋದ ಮೇಲೆ ಸೌಮ್ಯಾ ಸ್ಟೂಲನ್ನು ಎಳೆದುಕೊಂಡು ಕುಳಿತಳು, ಎಂದಿನಂತೆಯೇ, ಇನ್ನೊಂದು ಆಟಕ್ಕೆ ತೊಡಗುವವಳಂತೆ.

"ವಾಟಣಿ ದಿನಾ ನೀ ನಮ್ಮಪ್ಪನ ಕಾಲಿಗೆ ಬಿದ್ದೀ. ನೆನಪೈತಿ? ನಿನ್ನ ಉಗುರಾಗ ಹಸರ ಬಣ್ಣಾ ಇತ್ತು. ಅದರ ಬುಡಕ ಸುಣ್ಣ, ಅರಳಿ ಎಳಿ. ಅಪ್ಪ ನೋಡಿದಾ. ತೊಲಿಗೆ ಒಂದ ಬೆರಳ ಒತ್ತಿದ್ರ ಎಲ್ಲಾ ಹೊರಗ ಬರತಿತ್ತು."

"ಮತ್ತ ಯಾಕ..." ಎಂದ ಗುರುಪಾದ.

"ಒತ್ತಲಿಲ್ಲ. ಹತ್ತ ಮಂದಿ ಮುಂದ ಅಣ್ಣನ್ನ ಕಳ್ಳ ಮಾಡಿದ್ರ ಹುಡುಗ ತಲಿ ಎತ್ತೂದಿಲ್ಲ ಅಂದನಂತ ನಮ್ಮವ್ವಗ. ಹುಡುಗ ಅಂದ್ರ ನೀ. ಅದಕ್ಕ ಅಂಗಡಿನ ತಗೊಂಡಾ. ತೊಲಿ ತಗದ ಹೊಸಾದ ಹಾಕಿಸಿದ್ರಾತು, ಎರಡ ಸುಗ್ಗಿ ಹೋಗಲಿ ಅಂದಾ. ಸುಗ್ಗಿ ಛಲೋ ಬರಲಿಲ್ಲ. ಮಳಿ ಬಂತು."

ಗುರುಪಾದ ಏಳುವಾಗ ಕುರ್ಚಿಯ ಹರಕು ಪ್ಯಾಂಟಿಗೆ ಸಿಕ್ಕು ಎಳೆಯಿತು. ಬಾಗಿಲ ಬಳಿಯ ಕರಿಹಲಗೆಗೆ ಹೋಗಿ ತನ್ನ ಹೆಸರನ್ನು ಹೆಬ್ಬೆರಳಿನಿಂದ, ಒಂದೊಂದೇ ಅಕ್ಷರವಾಗಿ, ಒತ್ತಿ ಒತ್ತಿ ಅಳಿಸಿದ. ಸೌಮ್ಯಾ ಹಿಂದೆಯೇ ಬಂದಳು. ಸೀಮೆಸುಣ್ಣವನ್ನು ತೆಗೆದುಕೊಂಡು ಅದೇ ಜಾಗದಲ್ಲಿ, ತರಗತಿಯ ಹಿಂದಿನ ಸಾಲಿನವರಿಗೂ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ, ಅದನ್ನು ಮತ್ತೆ ಬರೆದಳು.

"ಸೋತು ಕೊಡಾಕ ಬರಬ್ಯಾಡ," ಎಂದಳು. "ನಮ್ಮ ಮನಿಯಿಂದ ಒಮ್ಮೆ ಕೊಟ್ಟದ್ದ ಸಾಕು. ನಾಳೆ ಹತ್ತಕ್ಕ ಬಾ. ಆಡು, ಗೆಲ್ಲು, ಪುಣೆಕ್ಕ ಹೋಗು. ಎಲ್ಲಾರೂ ನೋಡಲಿ."

"ಸೌಮ್ಯಾ, ಆ ಕಟ್ಟಿನ್ಯಾಗ ನೆಲಾ..."

"ಗೊತ್ತೈತಿ. ಹೇಳಬ್ಯಾಡ. ಕೇಳಿದಾಗ ಹೇಳಬೇಕಿತ್ತು."

ಅವಳು ಉತ್ತರಪತ್ರಿಕೆಗಳ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ರಸ್ತೆಗಿಳಿದಳು. ತಾನು ಖರೇ ಎಂದ ಮೇಲೆ ಅವಳು ಒಮ್ಮೆಯೂ ತನ್ನನ್ನು ಅಣ್ಣಾ ಎಂದು ಕರೆದಿರಲಿಲ್ಲವೆಂಬುದನ್ನು ಅವನು ಗಮನಿಸಿದ. ಗಮನಿಸಿದ್ದಕ್ಕಾಗಿ ತನ್ನನ್ನೇ ಹಳಿದುಕೊಂಡ. ನಾಲ್ಕನೇ ಯಂತ್ರಕ್ಕೆ ಮರಳಿ ತನ್ನ ಸಾಮಾನುಗಳನ್ನು ಒಟ್ಟುಗೂಡಿಸತೊಡಗಿದ: ಮನೆಯಿಂದ ತಂದಿಟ್ಟಿದ್ದ ಮೌಸು, ಪರದೆಯೊರೆಸುವ ಟವೆಲ್ಲು, ಎರಡು ವರ್ಷ ಎಲೆಗಳ ಹೆಸರು ಬರೆದಿಟ್ಟ ನೂರು ಪುಟದ ನೋಟಬುಕ್ಕು. ನೋಟಬುಕ್ಕಿನ ಬಹುಪಾಲು ಅವಳ ಅಕ್ಷರವಾಗಿತ್ತು. ಅದನ್ನು ಅಲ್ಲೇ ಬಿಡಬೇಕೆಂದು ಮೇಜಿನ ಮೇಲಿಟ್ಟ, ಮತ್ತೆ ಎತ್ತಿ ಚೀಲದೊಳಗೆ ತುರುಕಿದ. "ಮೌಸ್ ಯಾಕ ಒಯ್ಯಾಕತ್ತೀರಿ, ನಾಳೆ ಬೇಕಲ್ರಿ?" ಎಂದ ಖಾಜಾಸಾಬ. "ಗೆಲ್ಲೂ ಕಟ್ಟು ನಿಮ್ಮದ ಅಂತಾನ ಪರಮೇಶ." ಗುರುಪಾದ ಚೀಲದ ಬಾಯಿ ಕಟ್ಟಿಕೊಂಡು ಹೊರಟ.

ಹೊರಗೆ ಇನ್ನೂ ಬಿಸಿಲಿತ್ತು. ಬೈರಿದೇವರಕೊಪ್ಪದ ಕಡೆ ಹೋಗುವ ಬಸ್ಸು ಬಂದು ನಿಂತಿತು. ಅದರ ನಿರ್ವಾಹಕ ಇವನ ಮುಖ ಬಲ್ಲವನಾದ್ದರಿಂದ ಸೀಟಿ ಊದದೆ ಒಂದು ಕ್ಷಣ ಕಾದ. ಗುರುಪಾದ ತಲೆಯಲ್ಲಾಡಿಸಿ ರಸ್ತೆ ದಾಟಿ ಎದುರಿನ ನಿಲ್ದಾಣಕ್ಕೆ ಹೋದ. ಪಶ್ಚಾತ್ತಾಪದಂಥದ್ದೇನಾದರೂ ತನ್ನೊಳಗೆ ಇದೆಯೇ ಎಂದು ಹುಡುಕಿದ. ಸಿಕ್ಕಿದ್ದು ಸಿಟ್ಟು, ಹಸಿಯಾದ, ಉರಿಯುವ ಸಿಟ್ಟು. ತಾನು ಕದ್ದು ಮುಚ್ಚಿದ್ದೆನೆಂದು ನಂಬಿ ಹದಿನಾಲ್ಕು ವರ್ಷ ಕಾಯ್ದುಕೊಂಡು ಬಂದದ್ದು ಕದ್ದದ್ದಾಗಿರಲೇ ಇಲ್ಲ, ಯಾರೋ ನೋಡಿಯೂ ಬಿಟ್ಟುಕೊಟ್ಟದ್ದಾಗಿತ್ತು. ಒಂದು ಕಾಲನ್ನು ಗಿಡ್ಡ ಮಾಡಿಕೊಂಡು ತನ್ನ ತಲೆಯನ್ನು ಎತ್ತಿ ನಿಲ್ಲಿಸುವಂತೆ ಆ ಮುದುಕನಿಗೆ ಹೇಳಿದವರಾರು? ಅವರು ಅಂದೇ ಬೆರಳೊತ್ತಿ, ಹತ್ತು ಜನರ ಮುಂದೆ ಇವನ ಕಪಾಳಕ್ಕೆ ಹೊಡೆದಿದ್ದರೆ ಈ ದಿನ ಇವನು ಮನುಷ್ಯನಾಗಿರುತ್ತಿದ್ದನೋ ಏನೋ. ಆ ಲೆಕ್ಕವನ್ನು ಅವರೇ ಹೇಳಬೇಕು, ಮುಖಕ್ಕೆ ಮುಖ ಕೊಟ್ಟು. ಹತ್ತು ವರ್ಷಗಳಲ್ಲಿ ಒಮ್ಮೆಯೂ ತುಳಿಯದ, ಗಬ್ಬೂರಿನ ಕಾಕಾನ ಓಣಿ ಯಾವ ಕಡೆಗಿದೆಯೆಂಬುದೂ ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಗಿಡ್ಡಗಾಲಿನ ಸಿದ್ದಲಿಂಗಪ್ಪನವರೆಂದರೆ ಯಾರಾದರೂ ತೋರಿಸಿಯಾರು.

ಗಬ್ಬೂರಿನ ಬಸ್ಸು ಬಂದಿತು. ಚೀಲವನ್ನು ಹೆಗಲಿಗೇರಿಸಿ ಬಾಗಿಲ ಕಂಬಿಗೆ ಕೈ ಹಾಕಿದಾಗ ಹೆಬ್ಬೆರಳಿನ ಉಗುರು ಕಣ್ಣಿಗೆ ಬಿತ್ತು. ಅದರ ಬುಡದವರೆಗೂ ಸುಣ್ಣ ಹೊಕ್ಕಿತ್ತು. ಅದನ್ನು ಒರೆಸಿಕೊಳ್ಳದೆಯೇ ಅವನು ಬಸ್ಸು ಹತ್ತಿದ.